ಜೋಡಿ ಹಲ್ಲು

ಮೊದಲ ಗುಂಯ್ ಅಂತಿತ್ತು, ನಲವತ್ತರ ಮ್ಯಾಲ ಹೋದ್ರ ಅಷ್ಟೇ.
ಆಮ್ಯಾಲ ಮೂವತ್ತಕ್ಕೂ.
ಹಿಂದಿನ ರೊಟ್ಟಿ ಡಬ್ಬಿ ಸಪ್ಪಳ ಅಂದ್ಕೊಂಡೆ
ಎರಡು ತಿಂಗಳು, ಆಳಂದ ನಾಕಾದಿಂದ ಹಾಸ್ಟೆಲಿನ ತನಕ.
ಅಂದ್ಕೊಳ್ಳಾಕ ಖರ್ಚಿಲ್ಲ.

ಹುಮನಾಬಾದ ಬೇಸಿನಾಗ ಲಾಡ್ಲೇಸಾಬ ಮಿಸ್ತ್ರಿ
ಓಮ್ನಿಯ ಹಿಂದಿನ ಗಾಲಿ ಎತ್ತಿ, ಕೆಳಗ ತೂರಿ,
ಉದ್ದನೆ ಸ್ಕ್ರೂಡ್ರೈವರಿನ ತುದಿ ಹೌಸಿಂಗಿಗಿ ಇಟ್ಟು
ಹಿಡಿಕಿಗಿ ಕಿವಿ ಹಚ್ಚಿದ.
ಕೇಳೂದು ಒಂದೇ ಕಿವಿ ಅವಂಗ. ಆ ಒಂದು ಸಾಕು.
‘ಗೇರಿಗಿ ಹಾಕ್ರಿ ಬಾಯಿ. ಹಾಂ. ಬಿಡ್ರಿ.
ಹಲ್ಲು ಹೋಗ್ಯಾವ.’
ನಾ ಬಾಯಿಗಿ ಸೆರಗು ಅಡ್ಡ ಹಿಡದೆ.
ಮುಂದಿನ ಎರಡು ನನ್ನವೂ ಹೋಗ್ಯಾವ.

ಯಾರದೋ ಮದುವಿ ಕಾರ್ಡಿನ ಹಿಂದ ಬರದ:
ಕ್ರೌನ್ ಪಿನಿಯನ್, ಹೊಸಾ ಸೆಟ್, ಹೈದರಾಬಾದಿಂದ, ಒಂಬತ್ತೂವರಿ ಸಾವಿರ.
ಬೇರಿಂಗ್ ನಾಕು, ಸೀಲು, ಎಣ್ಣಿ, ಎರಡೂ ಮುಕ್ಕಾಲು.
ಬಿಚ್ಚಿ ಕೂಡಿಸೂ ಕೂಲಿ ಮೂರು.
ಕೆಳಗ ಗೆರಿ ಎಳದ. ಮೊತ್ತ ಬರೀಲಿಲ್ಲ,
ಅದನ್ನ ನನಗ ಬಿಟ್ಟ.
ಹಿಟ್ಟು, ಕಟಗಿ, ಗಾಡಿ ಎಣ್ಣಿ ಕಳದು
ಒಂದು ರೊಟ್ಟಿಗಿ ನನಗ ಉಳಿಯೂದು ಒಂದೂವರಿ ರೂಪಾಯಿ.
ಹತ್ತು ಸಾವಿರದ ನೂರಾ ಅರವತ್ತೇಳು ರೊಟ್ಟಿ.
ಕೈಯಾಗ ಆಗಲೇ ಹಂಚಿನ ಝಳ ಬಡೀತು.

‘ಸಣ್ಣದೊಂದೇ ಹಾಕಿದ್ರ? ದೊಡ್ಡ ಗಾಲಿ ಛಲೋನೇ ಕಾಣತದಲ್ಲ.’
ಅವ ನಗಲಿಲ್ಲ.
‘ಜೋಡೀಲೆ ಸವದಾವ, ಜೋಡೀಲೆ ಹೋಗಬೇಕು.
ಹಳಿ ಹಲ್ಲಿಗಿ ಹೊಸಾ ಹಲ್ಲು ಕೂಡಂಗಿಲ್ಲ, ಒದರತಾವ.’

ನಿಂಬೆವ್ವ ಮತ್ತ ನಾನು ಹನ್ನೊಂದು ವರ್ಷ
ಎದುರಾಬದುರಾ ಕುಂತು ಬಡದೀವಿ.
ಆಕೀದು ಎತ್ತಿದಾಗ ನಂದು ಬೀಳ್ತಿತ್ತು.
ಓಣಿಯಾಗ ಹೋಗೋರು
ಒಬ್ಬಾಕೀನೇ ಬಡೀತಾಳ ಅಂತ ತಿಳೀತಿದ್ರು.
ಈಗ ಆಕಿ ಸೇಡಂ ರೋಡಿನಾಗ ಬ್ಯಾರೆ ಬೋರ್ಡು ಹಾಕ್ಯಾಳ.
ನನ್ನೆದುರು ಘತ್ತರಗಿ ಹುಡುಗಿ, ಭಾಗ್ಯವಂತಿ.
ಚುರುಕು ಕೈ, ನನಗಿಂತ ಚುರುಕು,
ಆದ್ರ ನಡುವ ಎಲ್ಲೋ ಒಂದು ಗುಂಯ್.

ಮೂರನೇ ದಿನ ಹೋದ್ರ ಎಲ್ಲಾ ಬಿಚ್ಚಿ ಹರವಿದ್ದ, ಪರಸಿ ಮ್ಯಾಲ,
ಗೋಣಿ ಹಾಸಿ, ಹಬ್ಬದ ಭಾಂಡಿ ತೊಳದಿಟ್ಟಂಗ.
‘ಈ ಸಣ್ಣವು ಯಾತಕ್ಕ ಗೊತ್ತದೇನು?
ತಿರುವಿನಾಗ ಹೊರಗಿನ ಗಾಲಿ ಜಾಸ್ತಿ ಓಡಬೇಕು, ಒಳಗಿಂದು ಕಮ್ಮಿ.
ಎರಡೂ ಸಮಾನೇ ಓಡಬೇಕು ಅಂದ್ರ
ಟೈರ್ ಹರೀತದ, ಇಲ್ಲಂದ್ರ ಆಕ್ಸಲ್ ಮುರೀತದ.’
ಚಹಾ ಕುಡದು ಗ್ಲಾಸು ಕೆಳಗಿಟ್ಟ.
ಅವಂಗೇನ ಗೊತ್ತು.

ಸಮ ಪಾಲು ಅಂತ ಹಟ ಹಿಡದಾಕಿ ನಾನೇ,
ಆಕಿ ಮಗನ ಹೊಟ್ಟಿ ಕೊಯ್ಸಿದ ವರ್ಷ.
ನಲವತ್ತು ದಿನ ಆಕಿ ಬಂದಿದ್ದಿಲ್ಲ, ನಲವತ್ತು ದಿನದ್ದು ಹಿಡದೆ.
ಲೆಕ್ಕದಾಗ ತಪ್ಪಿದ್ದಿಲ್ಲ.
ಆಕಿ ವಹಿ ಓದಿ, ಮಡಚಿ, ಹಿಟ್ಟಿನ ಕೈ
ಸೀರಿಗಿ ಒರಸ್ಕೊಂಡು ಎದ್ದು ಹೋದ್ಲು.

ಮಿಸ್ತ್ರಿಗಿ ಹತ್ತು ಸಾವಿರ ಕೊಟ್ಟೆ, ಚೀಟಿ ಎತ್ತಿ.
ಉಳದದ್ದು ಶನಿವಾರ ಶನಿವಾರ.
ಬಡ್ಡಿ ಬ್ಯಾಡ, ಹುಡುಗರಿಗಿ ರೊಟ್ಟಿ, ಶೇಂಗಾ ಹಿಂಡಿ ಕೊಡ್ರಿ ಅಂದ.
ಹಳಿ ಕ್ರೌನ್ ಗುಜರಿಗಿ ಹಾಕಲೇನು ಅಂದ. ಬ್ಯಾಡ ಅಂದೆ.
ಸೋಡಾ ಹಚ್ಚಿ ಮೂರು ಸಲ ತಿಕ್ಕೀನಿ, ಎಣ್ಣಿ ನಾತ ಹೋಗವಲ್ದು.
ಅರಿವಿ ಸುತ್ತಿ ಹಲಗಿ ಮ್ಯಾಲ ಇಡತೀನಿ,
ಕಡಕ್ ರೊಟ್ಟಿ ಸೊಟ್ಟ ಆಗಬಾರದಂತ.

ಈಗ ಗಾಡಿ ಮಾತಾಡಂಗಿಲ್ಲ.
ರಿಂಗ್ ರೋಡಿನಾಗ ಐವತ್ತಕ್ಕ ಹೋದ್ರೂ
ಹಿಂದ ರೊಟ್ಟಿಗಿ ರೊಟ್ಟಿ ತಿಕ್ಕೂದು ಕೇಳತದ.
ಇವತ್ತ ಹಾಸ್ಟೆಲ್ ಮುಗಿಸಿ
ಸೇಡಂ ರೋಡಿನ ಕಡಿ ಹೊಳ್ಳಿಸಿದೆ.
ಯಾವ ಗಾಲಿ ಜಾಸ್ತಿ ಓಡಿತು, ಯಾವದು ಕಮ್ಮಿ,
ಕುಂತೋರಿಗಿ ಗೊತ್ತಾಗಂಗಿಲ್ಲ, ಹಂಗ ಮಾಡ್ಯಾರ ಅದನ್ನ.
ದೂರದಾಗ ಆಕಿ ಹಂಚಿನ ಹೊಗಿ.

ಬಾಕಿ ಇನ್ನೂ ಐದು ಸಾವಿರದ ಎರಡುನೂರಾ ಐವತ್ತು.
ಅಷ್ಟು ಮಿಸ್ತ್ರೀದು.